ವಿಮಾನದ ಕ್ಯಾಮೆರಾ ಕಂಡ ನಕ್ಷತ್ರ

ಲ್ಯಾಬಿನಲ್ಲಿ ಎಲ್ಲರೂ ಸ್ವೀಟ್ ಹಂಚುತ್ತಿದ್ದರು... ವಿನುತಾ ಮಾತ್ರ ತನ್ನ ಪಾಲನ್ನು ಮುಟ್ಟಲಿಲ್ಲ.

ಅವಳ ತಂಡ ತಯಾರಿಸಿದ ಇನ್‌ಫ್ರಾರೆಡ್ ಕ್ಯಾಮೆರಾ ಮೊದಲ ಸಲ ವಿಮಾನದಲ್ಲಿ ಹಾರಿ ಬಂದಿತ್ತು.

ನಕ್ಷತ್ರಗಳು ಹುಟ್ಟುವ ಧೂಳಿನ ಮೋಡದಿಂದ ಬರುವ ಶಾಖದ ಕಿರಣಗಳನ್ನು ಅದು ಹಿಡಿಯಬೇಕು. ಗಾಳಿಯ ತೇವ ಆ ಕಿರಣಗಳನ್ನು ನೆಲ ಮುಟ್ಟಲು ಬಿಡುವುದಿಲ್ಲ... ಅದಕ್ಕೇ ದೂರದರ್ಶಕವನ್ನು ವಿಮಾನದಲ್ಲಿಟ್ಟು ಮೋಡಗಳಾಚೆ ಒಯ್ದಿದ್ದರು.

ಚಿತ್ರದಲ್ಲಿ ಹೊಸದೊಂದು ಬೆಳಕಿನ ಚುಕ್ಕೆ ಇತ್ತು. ಯಾರೂ ಕಾಣದ ಎಳೆಯ ನಕ್ಷತ್ರ ಎಂದು ಎಲ್ಲರೂ ಸಂಭ್ರಮಪಟ್ಟರು.

ಮುಖ್ಯಸ್ಥ ಹೆಬ್ಬಾರ್ ಸರ್ ಆ ತಿಂಗಳೇ ರಿಟೈರ್ ಆಗುವವರು. ಅರ್ಧ ಆಯುಷ್ಯವನ್ನೇ ಈ ಕ್ಯಾಮೆರಾಗೆ ಕೊಟ್ಟವರು. ಮರುದಿನ ಪತ್ರಕರ್ತರಿಗೆ ಚಿತ್ರ ತೋರಿಸುವವರಿದ್ದರು.

ಆದರೆ ವಿನುತಾ ಇನ್ನೊಂದು ಚಿತ್ರ ನೋಡಿದ್ದಳು... ದೂರದರ್ಶಕವನ್ನು ಆಕಾಶದ ಬೇರೆ ಕಡೆಗೆ ತಿರುಗಿಸಿ ತೆಗೆದದ್ದು.

ಅದರಲ್ಲೂ ಅದೇ ಚುಕ್ಕೆ. ಅದೇ ಜಾಗದಲ್ಲಿ.

ಅದು ನಕ್ಷತ್ರವಲ್ಲ... ಕ್ಯಾಮೆರಾದೊಳಗೆ ಸರಿಯಾಗಿ ತಣ್ಣಗಾಗದ ಒಂದು ಭಾಗದ ಬಿಸಿ. ಆ ಭಾಗವನ್ನು ವಿನ್ಯಾಸ ಮಾಡಿದವರು ಸ್ವತಃ ಹೆಬ್ಬಾರ್ ಸರ್.

ದೊಡ್ಡವರ ಮರ್ಯಾದೆ ಕಳೆಯಬೇಡ, ಗೌರವದಿಂದ ಹೋಗಲಿ ಬಿಡು ಎಂದು ಅಕ್ಕ ಫೋನಿನಲ್ಲಿ ಬುದ್ಧಿ ಹೇಳಿದಳು.

ಆದರೂ ವಿನುತಾ ಎರಡೂ ಚಿತ್ರ ಹಿಡಿದು ಅವರ ಕೋಣೆಗೆ ಹೋದಳು. ಎರಡರಲ್ಲೂ ಚುಕ್ಕೆ ಒಂದೇ ಜಾಗದಲ್ಲಿದೆ ಸರ್ ಎಂದು ತಡವರಿಸುತ್ತ ಹೇಳಿದಳು...

ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮುಖ ಬಿಳಿಚಿಕೊಂಡಿತು.

"ಲ್ಯಾಬಲ್ಲಿ ಇನ್ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ ಸರ್."

"ಸರಿ. ನೀವು ಹೋಗಿ."

ಅಷ್ಟೇ. ತನ್ನ ಕತೆ ಮುಗಿಯಿತು ಎಂದುಕೊಂಡಳು.

ಮರುದಿನ ಹೆಬ್ಬಾರ್ ಸರ್ ಎರಡೂ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಇದು ನಕ್ಷತ್ರವಲ್ಲ, ನನ್ನ ತಪ್ಪು, ಕಂಡುಹಿಡಿದವರು ವಿನುತಾ ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ...

ಯೋಜನೆ ನಿಂತಿತು. ಹೆಬ್ಬಾರ್ ಸರ್ ಬೀಳ್ಕೊಡುಗೆಯೂ ಬೇಡವೆಂದು ಮನೆಗೆ ಹೋದರು. ವಿನುತಾಳೊಂದಿಗೆ ಹಲವರು ಮಾತು ಬಿಟ್ಟರು.

ಕೆಲವು ವರ್ಷಗಳ ಮೇಲೆ ಯೋಜನೆ ಮತ್ತೆ ಶುರುವಾಗಿ, ಸರಿಪಡಿಸಿದ ಕ್ಯಾಮೆರಾ ಹಾರಿತು. ಹೊಸ ನಕ್ಷತ್ರವೇನೂ ಸಿಗಲಿಲ್ಲ... ಮಸುಕಾದ ಒಂದು ಧೂಳಿನ ಮೋಡ, ಅಷ್ಟೇ. ಆದರೆ ಅದು ನಿಜವಾಗಿ ಆಕಾಶದಲ್ಲೇ ಇದ್ದದ್ದು.

ವಿನುತಾ ಆ ಚಿತ್ರವನ್ನು ಹೆಬ್ಬಾರ್ ಸರ್ ಮನೆಗೆ ಒಯ್ದಳು.

ಅವರ ಕಣ್ಣು ತುಂಬಿತು. "ಅವತ್ತು ನೀವು ಆಚೆ ಹೋದ್ಮೇಲೆ, ಆ ಎರಡನೇ ಚಿತ್ರ ಮುಚ್ಚಿಟ್ಟುಬಿಡೋಣ ಅನ್ಸಿತ್ತಮ್ಮ. ನೀವು ಮತ್ತೆ ಬಂದು ಕೇಳ್ತೀರಿ ಅಂತ ಹೆದರಿ ಮುಚ್ಚಿಡಲಿಲ್ಲ."

ವಿನುತಾ ತಲೆ ತಗ್ಗಿಸಿದಳು.

"ಇಲ್ಲ ಸರ್... ನಾನು ಮತ್ತೆ ಬರ್ತಿರಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ."

ಇಬ್ಬರೂ ಅತ್ತರು...

*ನಡುಗುವ ದನಿಯಲ್ಲಿ ಒಂದೇ ಸಲ ಹೇಳಿದ ಸತ್ಯವೂ ಒಬ್ಬರನ್ನು ಸುಳ್ಳಿನಿಂದ ಉಳಿಸಬಲ್ಲದು.*

ನೀವು ಗೌರವಿಸುವವರಿಗೆ ಹೇಳಬೇಕಾದ ಯಾವ ಮಾತನ್ನು ಇನ್ನೂ ನುಂಗಿಕೊಂಡು ಕೂತಿದ್ದೀರಿ?