ಅಳಿಯನ ಜೇಬಿನ ಚಾಕು

ಭಾನುವಾರ ಮಧ್ಯಾಹ್ನ ಅಳಿಯ ವೆಂಕಟರಾಮಪ್ಪನ ಗೊರಕೆ ಶುರುವಾದದ್ದೇ ತಡ, ಓಬಳಜ್ಜಿ ಗೂಟಕ್ಕೆ ತೂಗುಹಾಕಿದ್ದ ಅವನ ಅಂಗಿಯ ಜೇಬಿನಿಂದ ಚಾಕು ಎಗರಿಸಿ, ಎದುರಿಗಿದ್ದ ಕೋನಪ್ಪನ ಸೈಕಲ್ ಶಾಪು ಸೇರಿದಳು.

ಅಂಥಿಂಥ ಚಾಕಲ್ಲ ಅದು. ದುಬೈಯಿಂದ ಬಂದದ್ದು, ಕೆಂಪು ಹಿಡಿಯ ಹೊಟ್ಟೆಯೊಳಗೆ ಅಲಗು, ಗರಗಸ, ಕತ್ತರಿ ಎಂದು ಏಳೆಂಟು ಸಾಮಾನು ಮಡಚಿಕೊಂಡು ಮಲಗಿದ್ದವು. ಬಾಣಂತಿ ಹೆಂಡತಿಯನ್ನು ನೋಡಲು ಚಿಂತಾಮಣಿಯಿಂದ ಮಂಚೇನಹಳ್ಳಿಗೆ ವಾರವಾರವೂ ಬರುತ್ತಿದ್ದ ಮೊಮ್ಮಗಳ ಗಂಡನ ಕೈಯಲ್ಲಿ ಅದನ್ನು ಕಂಡಂದಿನಿಂದ ಅಜ್ಜಿಗೆ ಎಲೆ ಅಡಿಕೆಯೂ ರುಚಿಸುತ್ತಿರಲಿಲ್ಲ. ಆದರೆ ಹೆಣ್ಣು ಕೊಟ್ಟ ಮನೆಯವರು ಅಳಿಯನ ಮುಂದೆ ಕೈ ಚಾಚುವುದುಂಟೇ? ಅವನಾಗಿ ಕೊಟ್ಟರೆ ಮಾತು ಬೇರೆ. ಕೊಡುವಂತೆ ಮಾಡಬೇಕಿತ್ತು, ಅಷ್ಟೆ.

ಮೊದಲ ವಾರ ಚಾಕುವಿನೊಳಗಿಂದ, ಯಾತಕ್ಕೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ತಿರುಚಿದ ಕಡ್ಡಿ ಹೋಗಿ, ಕೋನಪ್ಪ ಸೈಕಲ್ ಕಡ್ಡಿ ಬಡಿದು ಮಾಡಿದ ಸುಣ್ಣದ ಚಮಚ ಬಂದಿತ್ತು. ಎರಡನೇ ವಾರ ಗರಗಸದ ಜಾಗದಲ್ಲಿ ಕಿವಿ ಕೆರೆಯುವ ಗುಗ್ಗೆಕಡ್ಡಿ. ವೆಂಕಟರಾಮಪ್ಪ ಬಿಚ್ಚಿ, ಮಡಚಿ, ತಲೆ ಕೆರೆದುಕೊಂಡು ಮತ್ತೆ ಜೇಬಿಗಿಳಿಸಿದ್ದ. ಮಾವನ ಮನೆಯಲ್ಲಿ ಉಂಡು ಕೂತು, ನನ್ನ ಗರಗಸ ಕಳುವಾಗಿದೆ ಎನ್ನುವುದಾದರೂ ಹೇಗೆ?

ಈ ವಾರ ಕೋನಪ್ಪ ಚಾಕು ತಿರುಗಿಸಿ ನೋಡಿ ಹೌಹಾರಿದ. "ಅಜ್ಜೀ, ಕೆಲ್ಸ ಕೆಡ್ತು. ಪಾತ್ರೆ ಅಂಗಡೀಲಿ ಹೆಸರು ಹಾಕಿಸ್ಬಿಟ್ಟವ್ರೆ. ನೋಡು, ವೆಂಕಟರಾಮಪ್ಪ ಅಂತ!"

"ಎಲ್ಲೈತಪ್ಪ ಹೆಸರು?"

"ಈ ಕೆಂಪು ಹಿಡಿ ಮ್ಯಾಲೆ."

"ಅಷ್ಟೇನಾ? ಹಂಗಾರೆ ಹಿಡೀನೇ ಬಿಚ್ಚು."

"ನನ್ನ ಮಾತ್ರ ಇದ್ರಾಗೆ ಸಿಕ್ಕಿಸ್ಬೇಡಮ್ಮ ತಾಯಿ" ಎಂದು ಗೊಣಗುತ್ತಲೇ ಕೋನಪ್ಪ ಹಿಡಿಯ ಎರಡೂ ಕೆಂಪು ಪಟ್ಟಿ ಕಿತ್ತ. ಮುರಿದ ಸುತ್ತಿಗೆಯ ಹುಣಸೆ ಕಾವನ್ನು ಸೀಳಿ, ಅರದಲ್ಲಿ ಉಜ್ಜಿ, ಹೊಸ ಹಿಡಿ ಕೂರಿಸಿಕೊಟ್ಟ.

ವೆಂಕಟರಾಮಪ್ಪ ಆಕಳಿಸುತ್ತಾ ಎದ್ದು ಬಂದಾಗ ಅಜ್ಜಿ ಜಗಲಿಯ ಮೇಲೆ ಅಡಿಕೆ ಹೋಳು ಮಾಡುತ್ತಿದ್ದಳು.

"ಅಜ್ಜೀ, ಅದು ನನ್ ಚಾಕು!"

"ನಿಮ್ದಾ? ನೋಡಿ ಅಳಿಯಂದ್ರೇ, ನಿಮ್ದಾದ್ರೆ ತಗೊಳ್ಳಿ. ಕಂಡೋರ ಸಾಮಾನು ನಮಗ್ಯಾಕೆ?"

ಅವನು ತೆಗೆದುಕೊಂಡು ನೋಡಿದ. ಮರದ ಹಿಡಿ. ಬಿಚ್ಚಿದರೆ ಸುಣ್ಣ ಮೆತ್ತಿದ ಚಮಚ, ಗುಗ್ಗೆಕಡ್ಡಿ. "ನಂದಕ್ಕೆ... ಹೆಸರು ಹಾಕ್ಸಿದ್ದೆ" ಎಂದು ತೊದಲಿದ.

"ಓ, ಅದಾ!" ಅಜ್ಜಿ ಎಲೆಯಡಿಕೆ ಚೀಲ ತಡಕಿ, ಎರಡು ಕೆಂಪು ಪಟ್ಟಿಗಳನ್ನು ಅವನ ಇನ್ನೊಂದು ಅಂಗೈಯಲ್ಲಿಟ್ಟಳು. "ತಗೊಳ್ಳಪ್ಪ. ನಿಮ್ಮ ಹೆಸರು ನಾವ್ಯಾಕೆ ಇಟ್ಕೊಳ್ಳಾನ?"

ಒಂದು ಕೈಯಲ್ಲಿ ಹೆಸರು, ಇನ್ನೊಂದರಲ್ಲಿ ಚಾಕು ಹಿಡಿದು ಅಳಿಯ ನಿಂತೇ ಇದ್ದ. ಒಳಗಿನ ಕೋಣೆಯಲ್ಲಿ ಬಾಣಂತಿ ಅನಸೂಯ ಕಿಸಕ್ಕನೆ ನಕ್ಕಳು. ಅವನಿಗೂ ತಡೆಯಲಾಗಲಿಲ್ಲ.

"ಇದು ನೀವೇ ಇಟ್ಕೊಳ್ಳಿ ಅಜ್ಜೀ."

ಮಾತು ಮುಗಿಯುವುದರೊಳಗೆ ಚಾಕು ಅಜ್ಜಿಯ ಸೊಂಟ ಸೇರಿತ್ತು. ಬೀದಿಗೆಲ್ಲ ಕೇಳುವಂತೆ ಅವಳು ಕೂಗಿದಳು: "ನೋಡೇ ಅನಸೂಯಾ, ಬ್ಯಾಡ ಬ್ಯಾಡ ಅಂದ್ರೂ ಅಳಿಯಂದ್ರು ಬಲವಂತ ಮಾಡ್ತಾವ್ರೆ!"