ಸೊನ್ನೆ ಬಿಡದ ಮುಳ್ಳು

"ಮೇಡಂ, ಮೇಲಕ್ಕೇ ಹೋಗ್ತಿಲ್ಲ ಇದು!" ಎಂದು ಜುಂಜೇಶ್ ವಿಮಾನದ ಮೂತಿಯನ್ನು ಇನ್ನಷ್ಟು ಎತ್ತಿದ.

ಪಕ್ಕದಲ್ಲಿ ಕೂತು ಹಾರಾಟ ಕಲಿಸುತ್ತಿದ್ದ ಲತಾಗೆ ಮೈಯೆಲ್ಲಾ ಉರಿದುಹೋಯಿತು. ಹಿರಿಯೂರಿನ ತೆಂಗಿನ ತೋಟಗಳು ಕೆಳಗೆ ಗರಿಕೆ ಹುಲ್ಲಿನಂತಾಗಿವೆ, ಹೆದ್ದಾರಿಯ ಲಾರಿಗಳು ಬೆಂಕಿಪೊಟ್ಟಣದಷ್ಟಾಗಿವೆ. ಈ ಪುಣ್ಯಾತ್ಮ ಮಾತ್ರ ಏರುವ ವೇಗ ತೋರಿಸುವ ಮೀಟರಿಗೇ ಕಣ್ಣು ನೆಟ್ಟು ಕೂತಿದ್ದಾನೆ. ಅದರ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಿಲ್ಲ. ಎತ್ತರದ ಮೀಟರಿನದೂ ಅದೇ ಪಾಡು. ಈ ಸುತ್ತು ಸರಿಯಾಗಿ ಹಾರಿಸಿದರೆ ಮುಂದಿನ ಸುತ್ತಿಗೆ ಅವನೊಬ್ಬನನ್ನೇ ಬಿಡುವುದೆಂದು ತೀರ್ಮಾನವಾಗಿತ್ತು.

"ಕೈ ಬಿಡಪ್ಪ! ಇನ್ನೊಂಚೂರು ಎತ್ತಿದ್ರೆ ಕಲ್ಲು ಬಿದ್ದಂಗೆ ಬೀಳ್ತೀವಿ. ಕಿಟಕಿ ಯಾಕೆ ಐತೆ, ತಲೆ ಬಾಚ್ಕಳಾಕಾ?"

ಮೀಟರುಗಳ ಸಹವಾಸವೇ ಬೇಡವೆಂದು ಲತಾ ಕಣ್ಣಳತೆಯಲ್ಲೇ ವಿಮಾನ ಇಳಿಸಿದಳು. ಇಳಿದವಳೇ ನೆಟ್ಟಗೆ ಅದರ ಪಕ್ಕೆಗೆ ಹೋಗಿ ನೋಡಿದಳು. ಗಾಳಿ ಹೋಗುವ ಸಣ್ಣ ತೂತಿನ ಮೇಲೆ ಅರಿಶಿನ ಗಟ್ಟಿಯಾಗಿ ಒಣಗಿತ್ತು, ಅದರ ಮೇಲೆ ಕಾಸಗಲ ಕುಂಕುಮ. ನಿನ್ನೆ ಆಯುಧಪೂಜೆ. ಹರಿಯಬ್ಬೆಯಿಂದ ಬಂದಿದ್ದ ಜುಂಜೇಶನ ತಾಯಿ ಹುಚ್ಚಕ್ಕ ತಟ್ಟೆ ಹಿಡಿದು ವಿಮಾನಕ್ಕೆ ಸುತ್ತು ಬಂದಿದ್ದಳು. ಮಗ ಒಬ್ಬನೇ ಹಾರುವುದನ್ನು ನೋಡಲೆಂದು ಇವತ್ತೂ ಶೆಡ್ಡಿನ ನೆರಳಲ್ಲಿ ಕಾದು ನಿಂತಿದ್ದಳು.

"ಈ ತೂತಿನ ಗಾಳಿ ಎಲ್ಲಿಗೋಗ್ತೈತೆ, ಹೇಳು," ಎಂದಳು ಲತಾ.

"ಮೀಟರೊಳಗಿನ ತಗಡಿನ ಡಬ್ಬಿಗೆ ಮೇಡಂ. ಡಬ್ಬಿ ಸುತ್ತಲ ಜಾಗಕ್ಕೂ ಹೋಗ್ತೈತೆ, ಆದ್ರೆ ಸಣ್ಣ ಸಂದೀಲಿ, ನಿಧಾನಕ್ಕೆ. ಮೇಲೇರಿದಂಗೆ ಗಾಳಿ ಒತ್ತಡ ಡಬ್ಬಿಯೊಳಗೆ ಬಿರ್ರನೆ ಇಳೀತೈತೆ, ಸುತ್ತ ತಡವಾಗಿ ಇಳೀತೈತೆ. ಆ ವ್ಯತ್ಯಾಸಕ್ಕೇ ಮುಳ್ಳು ಏಳೋದು."

"ತೂತು ಮುಚ್ಚಿದ್ರೆ?"

"ಎರಡೂ ಕಡೆ ಒಂದೇ ಒತ್ತಡ. ಸೊನ್ನೆ."

ಪುಸ್ತಕದ ಬದನೆಕಾಯಿ! ಲತಾಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಹಾರೋಕೆ ಮುಂಚೆ ಸುತ್ತು ಹಾಕಿ ತೂತು ನೋಡೋದು ನಿನ್ನ ಕೆಲಸ. ಇದು ಕಾಣ್ಲಿಲ್ವಾ?"

"ಕಾಣ್ತು ಮೇಡಂ. ಅವ್ವ ಹಚ್ಚಿದ್ದು... ಒರೆಸಿದ್ರೆ ಅಪಶಕುನ ಅಂತ ಬಿಟ್ಟೆ."

ಇವನೊಬ್ಬನನ್ನೇ ಕಳಿಸಿದ್ದರೆ ಏನು ಗತಿ ಎಂದುಕೊಂಡಳು ಲತಾ. "ಒಬ್ನೇ ಹಾರೋದು ರದ್ದು. ಇವತ್ತೂ ಇಲ್ಲ, ಈ ತಿಂಗ್ಳೂ ಇಲ್ಲ."

ಜುಂಜೇಶನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವ್ವನ ಕಡೆ ತಿರುಗಿ, "ಎಲ್ಲಾ ನಿನ್ನಿಂದಾನೇ!" ಎಂದು ಸಿಡುಕಿದ.

ಹುಚ್ಚಕ್ಕ ವಿಮಾನದ ಹತ್ತಿರ ಬಂದಳು. ಉಗುರಿನಿಂದ ಅರಿಶಿನ ಕೆರೆದು, ಸೆರಗಿನಿಂದ ತೂತಿನ ಸುತ್ತ ಚೊಕ್ಕ ಒರೆಸಿ, ಮಗನ ಕಡೆ ತಿರುಗಿದಳು.

"ನಿನ್ನೆ ನಿನ್ನ ಹಣೆಗೂ ಇದೇ ಕುಂಕುಮ ಇಟ್ಟಿದ್ದೆ. ಜೊತೆಗಾರ್ರು ನಗ್ತಾರೆ ಅಂತ ನನ್ನೆದುರಿಗೇ ಒರೆಸ್ಕಂಡ್ಯಲ್ಲೋ, ಆವಾಗ ಎಲ್ಲೋಗಿತ್ತೋ ನಿನ್ನ ಅಪಶಕುನ?"