ತಕ್ಕಡಿಯ ಎರಡು ಬೆಂಚು

ಮೇಷ್ಟ್ರ ಎಡಗೆನ್ನೆ ಮುಗಿದು ಕತ್ತಿ ಬಲಗೆನ್ನೆಗೆ ಬರುವ ಹೊತ್ತಿಗೆ ಟೈಲರ್ ಅಂಗಡಿಯೊಳಗೆ ಬಂದ. ಸುಮಾರು ದಿನದಿಂದ ಅವನು ಈ ಕಡೆ ತಲೆ ಹಾಕಿರಲಿಲ್ಲ. ಕನ್ನಡಿಯಲ್ಲಿ ಇಬ್ಬರ ಕಣ್ಣು ಕೂಡಿದವು, ಕೂಡಿದ್ದೇ ತಪ್ಪಾಯಿತೆಂಬಂತೆ ಅತ್ತಿತ್ತ ಸರಿದವು. ಟೈಲರ್ ಎಡಗಡೆ ಬೆಂಚಿನಲ್ಲಿ ಕೂತು ತನ್ನ ಪೇಪರನ್ನು ತೊಡೆಯ ಮೇಲಿಟ್ಟುಕೊಂಡ. ಬಿಡಿಸಲಿಲ್ಲ.

ಮೊದಲು ಈ ಕ್ಷೌರದಂಗಡಿಗೆ ಬರುತ್ತಿದ್ದುದು ಒಂದೇ ಪೇಪರು, ಇದ್ದದ್ದೂ ಒಂದೇ ಬೆಂಚು. ಹೊರಗಿನ ಹಾಳೆ ಮೇಷ್ಟ್ರಿಗೆ, ಒಳಗಿನದು ಟೈಲರಿಗೆ; ಓದಿಯಾದ ಮೇಲೆ ಅದಲು ಬದಲು. ಬಾಯಿಪಾಠ ಮಾಡ್ತಿದೀರಾ ಹೇಗೆ, ಬೇಗ ಕೊಡಿ ಅಂತ ಟೈಲರ್ ಕಾಲೆಳೆಯುವುದು, ಬೇಕಂತಲೇ ಮೇಷ್ಟ್ರು ಇನ್ನಷ್ಟು ತಡ ಮಾಡುವುದು. ಮೇಷ್ಟ್ರ ಅಂಗಿಯ ಗುಂಡಿ ಕಿತ್ತಿದ್ದರೆ ಟೈಲರ್ ಮನೆಗೆ ಕರೆದೊಯ್ಯುತ್ತಿದ್ದ. ಮೇಷ್ಟ್ರನ್ನು ಅಣ್ಣ ಎಂದೇ ಕರೆಯುತ್ತಿದ್ದ ಅವನ ಹೆಂಡತಿ, ನಮ್ಮಣ್ಣನಿಗೆ ಊರಿಗೆಲ್ಲ ಪಾಠ ಹೇಳೋಕೆ ಬರುತ್ತೆ, ಗುಂಡಿ ಹಾಕೋಕೆ ಬರಲ್ಲ ಎಂದು ನಗುತ್ತ ಹೊಲಿದುಕೊಡುತ್ತಿದ್ದಳು.

ಆಮೇಲೆ ಮಾರ್ಕೆಟ್ಟಿನ ಬೀದಿ ತೆರವು ಮಾಡಿಸುವಾಗ ಗಲಾಟೆಯಾಯಿತು. ತಪ್ಪೆಲ್ಲ ಅಂಗಡಿಯವರದು ಎಂದು ಒಂದು ಪೇಪರು, ತೆರವು ಮಾಡಿಸಿದವರದು ಎಂದು ಇನ್ನೊಂದು. ಅದನ್ನೇ ಹಿಡಿದು ಇಲ್ಲಿ ಇವರಿಬ್ಬರೂ ಕುರ್ಚಿ ಉರುಳುವಷ್ಟು ಜಗಳವಾಡಿದರು. ಗಿರಾಕಿಗಳು ಕೈಬಿಟ್ಟು ಹೋದಾರೆಂದು ಹೆದರಿದ ಕ್ಷೌರದಂಗಡಿಯವನು ಎರಡೂ ಪೇಪರು ತರಿಸಿದ, ಟೈಲರನ ಪೇಪರು ಎಡಕ್ಕೆ, ಮೇಷ್ಟ್ರದು ಬಲಕ್ಕೆ ಎಂದು ಇನ್ನೊಂದು ಬೆಂಚು ಹಾಕಿಸಿದ, 'ಇಲ್ಲಿ ಪೇಪರಿನ ಸುದ್ದಿ ಮಾತಾಡಬಾರದು' ಎಂದು ಬೋರ್ಡು ಬರೆಸಿದ. ಯಾರ ಪರ ಅಂತಲೂ ಅನ್ನಿಸಿಕೊಳ್ಳುವುದು ಬೇಡವೆಂದು ತಾನು ಎರಡನ್ನೂ ಓದುವುದು ಬಿಟ್ಟ. ಬೀದಿಯವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟರು. ಪುಣ್ಯಾತ್ಮ ಅದನ್ನು ಬಿರುದು ಅಂದುಕೊಂಡ.

ಎರಡು ಪೇಪರು ಒಂದಾಗುತ್ತಿದ್ದುದು ರದ್ದಿಯಾದ ಮೇಲೆ. ತಕ್ಕಡಿ ಎರಡನ್ನೂ ಒಟ್ಟಿಗೆ ಹರಿದು ಚೂರು ಮಾಡುತ್ತಿದ್ದ, ಗಿರಾಕಿಯ ಹೆಗಲ ಮೇಲೆ ಒಂದೊಂದೇ ಇಟ್ಟು ಕತ್ತಿಯ ನೊರೆ ಒರೆಸುತ್ತಿದ್ದ.

ಈಗಲೂ ಒಂದು ಹೊಸ ಚೂರು ಇಟ್ಟು ನೊರೆ ಒರೆಸಿದ. ಮೇಷ್ಟ್ರು ಕನ್ನಡಿಯಲ್ಲಿ ಸುಮ್ಮನೆ ಆ ಕಡೆ ನೋಡಿದರು. ಅಕ್ಷರಗಳೆಲ್ಲ ತಿರುಗುಮುರುಗು, ನೊರೆಯ ಕೆಳಗಿನ ಹೆಂಗಸಿನ ಮುಖ ಮಾತ್ರ ಗುರುತು ಸಿಗುವಂತಿತ್ತು. ಅವರು ತಕ್ಕಡಿಯ ಕೈ ತಡೆದು ಚೂರನ್ನು ತೆಗೆದುಕೊಂಡರು, ಹೆಬ್ಬೆರಳಿಂದ ನೊರೆ ಒರೆಸಿದರು. ಟೈಲರನ ಹೆಂಡತಿ. ಕೆಳಗೆ, ಎಂದೋ ಮುಗಿದುಹೋದ ಅಂತ್ಯಕ್ರಿಯೆಯ ದಿನ, ವೇಳೆ.

"ದೇವರಾಣೆ ನನಗೆ ಗೊತ್ತಿಲ್ಲ ಮೇಷ್ಟ್ರೇ," ಎಂದ ತಕ್ಕಡಿ. "ನಾನು ಯಾವುದನ್ನೂ ಓದಲ್ಲವಲ್ಲ." ಎಡಗಡೆ ಬೆಂಚಿನ ಉಳಿದವರು ಬೋರ್ಡಿನ ಕಡೆ ನೋಡಿ ತಲೆ ತಗ್ಗಿಸಿದರು. ಅವರೆಲ್ಲ ಅಂತ್ಯಕ್ರಿಯೆಗೆ ಹೋಗಿಬಂದವರು.

ಮೇಷ್ಟ್ರು ಅರ್ಧ ನೊರೆಯ ಮುಖದಲ್ಲೇ ಎದ್ದು ನಿಂತರು. ಟೈಲರನ ಕಡೆ ತಿರುಗಿದರು. "ನನಗೊಂದು ಮಾತು ಹೇಳಿಕಳಿಸಬಾರದಾಗಿತ್ತೇನಯ್ಯಾ?"

ಟೈಲರ್ ತೊಡೆಯ ಮೇಲಿನ ಪೇಪರನ್ನು ಮಡಿಕೆ ಬಿಡಿಸದೆಯೇ ಪಕ್ಕಕ್ಕಿಟ್ಟ.

"ನಾಲ್ಕು ಜನಕ್ಕೆ ಗೊತ್ತಾಗಲಿ ಅಂತಾನೇ ಪೇಪರಿಗೆ ಹಾಕಿಸಿದ್ದು ಮೇಷ್ಟ್ರೇ. ಅವಳ ಅಣ್ಣ ಬರ್ತಾರೆ ಅಂತ ಸಂಜೆವರೆಗೂ ಎತ್ತೋಕೆ ಬಿಡಲಿಲ್ಲ. ಪೇಪರು ಈ ಬೆಂಚಲ್ಲೇ ಇತ್ತಲ್ಲ."